ಮಲಪರೀಕ್ಷೆಗೆ ಡಬ್ಬಿ ತರುವ ಮುಂಚೆ

ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ದಿನವಿಡೀ ಮೈಕ್ರೋಸ್ಕೋಪು ನೋಡುವವಳು ನಾನು. ಎರಡು ವಾರ ದಾಟಿದರೂ ಮಗುವಿನ ಭೇದಿ ನಿಲ್ಲದಿದ್ದರೆ ಪರೋಪಜೀವಿ ಇದೆಯೇ ಎಂದು ನೋಡಲು ಡಾಕ್ಟರು ಮಲ ಕಳಿಸುತ್ತಾರೆ. ಅದು ನನ್ನ ಕಣ್ಣಿಗೆ ಬೀಳುವುದು ನೀವು ತರುವ ರೀತಿಯ ಮೇಲಿದೆ.

ಬಿಗಿ ಮುಚ್ಚಳದ ಡಬ್ಬಿ ಔಷಧ ಅಂಗಡಿಯಲ್ಲೇ ಸಿಗುತ್ತದೆ. ತೊಳೆದ ಬಾಮಿನ ಡಬ್ಬಿ ಬೇಡ. ಒಂದೆರಡು ಚಮಚ ಸಾಕು, ಲೋಳೆಯೋ ರಕ್ತವೋ ಇದ್ದರೆ ಆ ಭಾಗವನ್ನೇ ತೆಗೆಯಿರಿ. ಉಚ್ಚೆ, ನೀರು ಬೆರೆಯಬಾರದು, ಓಡಾಡುವ ಅಮೀಬಾ ಸತ್ತುಹೋಗುತ್ತದೆ. ಡಬ್ಬಿಯ ಮೇಲೆ ಹೆಸರಿನ ಜೊತೆ ಹಿಡಿದ ಹೊತ್ತೂ ಇರಲಿ.

ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು. "ರಾತ್ರಿನ ಹಿಡಿದು ಫ್ರಿಜ್ಜಿನ್ಯಾಗ ಇಟ್ಟಿದ್ದೆವ್ರೀ" ಅನ್ನುವವರಿಗೆ ಏನು ಹೇಳಲಿ? ಒದ್ದಾಡುತ್ತ ಉದುರುವ ಎಲೆಯಂತೆ ಹೊರಳುವ ಗಿಯಾರ್ಡಿಯಾ ಎಂಬ ಪರೋಪಜೀವಿ ಅಷ್ಟರಲ್ಲಿ ಇಲ್ಲವಾಗಿರುತ್ತದೆ, ಸಿಕ್ಕರೆ ಅದರ ಗಟ್ಟಿ ಕವಚದ ಕೋಶ (ಸಿಸ್ಟ್) ಸಿಗಬಹುದು. ಕುಂದಗೋಳ, ನವಲಗುಂದದ ಕಡೆಯಿಂದ ಬರುವವರು ಲ್ಯಾಬಿಗೇ ಬಂದು ಕೊಡಿ, ಇಲ್ಲವೇ ಫಾರ್ಮಾಲಿನ್ ಹಾಕಿದ ಡಬ್ಬಿಯನ್ನು ಮೊದಲೇ ಕೇಳಿ ಒಯ್ಯಿರಿ. ಗಿಯಾರ್ಡಿಯಾ ದಿನಾ ಮಲದಲ್ಲಿ ಬೀಳುವುದಿಲ್ಲ. ಹಾಗಾಗಿ ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ ತರಬೇಕು. ಒಂದೇ ಸಲದ 'ನಿಲ್' (ಏನೂ ಕಾಣಲಿಲ್ಲ) ನಂಬಬೇಡಿ.

ಮುಖ್ಯ ಮಾತು ಇನ್ನು ಮುಂದಿದೆ. ಎಚ್‌ಐವಿ ಇರುವವರು, ಕಿಡ್ನಿ ಕಸಿ ಆದವರು, ಕಿಮೋ ತಗೊಳ್ಳುತ್ತಿರುವ ಮಕ್ಕಳು, ಹೀಗೆ ರೋಗ ತಡೆಯುವ ಶಕ್ತಿ ಕುಗ್ಗಿದವರು ಅದನ್ನು ಡಾಕ್ಟರ ಚೀಟಿಯಲ್ಲಿ ಬರೆಸಿ. ಚೀಟಿಯಲ್ಲಿ 'ಸ್ಟೂಲ್ ರೂಟೀನ್' ಎಂದಷ್ಟೇ ಇದ್ದರೆ ಕ್ರಿಪ್ಟೋಸ್ಪೋರಿಡಿಯಂ (ಕ್ರಿಪ್ಟೋ) ಎಂಬ ಪರೋಪಜೀವಿ ತಪ್ಪಿಸಿಕೊಳ್ಳುತ್ತದೆ. 4ರಿಂದ 6 ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಗುಂಡು, ಯೀಸ್ಟೇ ಅನಿಸಿಬಿಡುತ್ತದೆ. ಮಾರ್ಪಡಿಸಿದ ಆಸಿಡ್-ಫಾಸ್ಟ್ ಎಂಬ ಬೇರೆ ಬಣ್ಣ ಹಾಕಿದಾಗ ಮಾತ್ರ ಕೆಂಗುಲಾಬಿಯಾಗಿ ಎದ್ದು ಕಾಣುತ್ತದೆ. ಅದೇ ಬಣ್ಣಕ್ಕೆ ಸಿಸ್ಟೋಐಸೋಸ್ಪೋರಾ ಎಂಬ ಇನ್ನೊಂದು ಪರೋಪಜೀವಿ ಕೂಡ ಸಿಗುತ್ತದೆ. ಅದಕ್ಕೆ ಕೋಟ್ರೈಮಾಕ್ಸಜೋಲ್ ಔಷಧ ಚೆನ್ನಾಗಿ ನಾಟುತ್ತದೆ. ಮೆಟ್ರೊನಿಡಜೋಲ್ ಔಷಧ ಅಮೀಬಾ, ಗಿಯಾರ್ಡಿಯಾಗಳಿಗೆ ಸರಿ, ಈ ಎರಡಕ್ಕಲ್ಲ. ಅಂಗಡಿಯವರನ್ನೇ ಕೇಳಿ ಅದನ್ನು ನುಂಗಿಸಿ ಆಮೇಲೆ ಡಬ್ಬಿ ತಂದರೆ ನಮಗೂ ಏನೂ ಕಾಣದು.

ರಿಪೋರ್ಟ್ ಬರುವವರೆಗೆ ಓಆರ್‌ಎಸ್ ಕುಡಿಸಿ: ಲೀಟರಿನ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಮಗುವಿನ ಕಣ್ಣು ಒಳಸರಿದಿದ್ದರೆ, ಉಚ್ಚೆ ನಿಂತಿದ್ದರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಇನ್ನು ನೀರು. ನಮ್ಮೂರಲ್ಲಿ ಮಲಪ್ರಭೆ ನೀರು ನಳಕ್ಕೆ ಬಂದ ದಿನ ಬ್ಯಾರಲ್ ತುಂಬಿಸುವ ರೂಢಿ. ಕ್ಲೋರಿನ್ ಹಾಕಿದ್ದಾರಲ್ಲ ಎಂದು ಸುಮ್ಮನಿರಬೇಡಿ, ಕ್ರಿಪ್ಟೋ ಅದಕ್ಕೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಭೇದಿ ಹತ್ತಿತ್ತು. ಕುದಿ ಬಂದ ಮೇಲೆ ಒಂದು ನಿಮಿಷ ಒಲೆಯ ಮೇಲೇ ಬಿಡಿ. ಆರಿಸಿ ಮುಚ್ಚಿಟ್ಟ ನೀರಿಗೆ ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆಯಿರಿ.