ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಮಗುಚಿ ನೋಡಿ

ಎಂಜಿನಿಯರಿಂಗ್ ಸೀಟು ಹಂಚಿಕೆ ಮುಗಿದರೆ ಸಾಕು, ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಅಪ್ಪ-ಮಕ್ಕಳು ಜೋಡಿಯಾಗಿ ಬರತೊಡಗುತ್ತಾರೆ. ಮಗಳ ಕಣ್ಣು ‘ಐ7’ ಸ್ಟಿಕ್ಕರ್ ಮೇಲೆ, ಅಪ್ಪನ ಕಣ್ಣು ಬೆಲೆಯ ಚೀಟಿ ಮೇಲೆ. ಲ್ಯಾಪ್‌ಟಾಪನ್ನು ಮಗುಚಿ ತಳ ನೋಡುವವರು ಕಡಿಮೆ. ಐದಾರು ವರ್ಷ ಬಾಳುತ್ತಾ, ಎರಡೇ ವರ್ಷಕ್ಕೆ ಮೂಲೆ ಸೇರುತ್ತಾ ಅನ್ನುವುದರ ಸುಳಿವು ಸಿಗುವುದೇ ಅಲ್ಲಿ.

ಆ ‘ಐ7’ ಅನ್ನುವುದು ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪಿನ ಮುಖ್ಯ ಚಿಪ್ಪಿನ ಹೆಸರು. ಅದು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಮೊದಲು ಕೈಕೊಡುವುದು ಹಿಂಜ್ (ಪರದೆಯ ಕೀಲು), ಬ್ಯಾಟರಿ, ಕೀಬೋರ್ಡ್, ಚಾರ್ಜಿಂಗ್ ಪಿನ್ನು. ರ್‍ಯಾಮ್ (ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿ) ಕೂಡ ಕೆಡುವುದು ಅಪರೂಪ, ಆದರೆ ಸಾಲದೆ ಹೋಗುತ್ತದೆ. ಆದ್ದರಿಂದ ಬಿಚ್ಚಿ ರಿಪೇರಿ ಮಾಡಿಸಲು ಆಗುವಂಥದ್ದನ್ನೇ ಆರಿಸಿ.

ಕೆಲಸ ಯಾವುದು?

ಬಿ.ಕಾಂ. ಓದು, ಟ್ಯಾಲಿ, ಆನ್‌ಲೈನ್ ಕ್ಲಾಸು, ನುಡಿಯಲ್ಲಿ ಟೈಪಿಂಗ್ ಇಷ್ಟಕ್ಕೆ ಇತ್ತೀಚಿನ ಇಂಟೆಲ್ ಐ3 ಅಥವಾ ಎಎಂಡಿಯ ರೈಜೆನ್ 3 ಪ್ರೊಸೆಸರ್ ಸಾಕು. ಕೋಡಿಂಗ್ ಕಲಿಯುವವರು ಐ5 ಅಥವಾ ರೈಜೆನ್ 5 ನೋಡಲಿ. ತ್ರೀಡಿ ವಿನ್ಯಾಸ, ಭಾರೀ ವಿಡಿಯೊ ಎಡಿಟಿಂಗ್, ಗೇಮ್ ಇದ್ದರೆ ಮಾತ್ರ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಅಂಥ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಎರಡು ಕೆ.ಜಿ. ದಾಟುತ್ತದೆ, ಚಾರ್ಜರ್ ತೂಕ ಬೇರೆ. ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರು ಅದನ್ನು ಬೆನ್ನಿಗೆ ಹಾಕಿಕೊಂಡು ಯಶವಂತಪುರದವರೆಗೆ ನಿಂತು ನೋಡಲಿ! ಅವರಿಗೆ ಒಂದೂವರೆ ಕೆ.ಜಿ. ಆಸುಪಾಸಿನ 14 ಇಂಚಿನದ್ದೇ ಸರಿ.

ಹೆಸರಿನ ಬಾಲ ಓದಿ

ಬರೀ ‘ಐ5’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಪೂರ್ತಿ ನಂಬರ್ ಕೇಳಿ. ಐ5-1235ಯು ಅಂತಿದ್ದರೆ, ಮೊದಲ 12 ಅಂದರೆ 12ನೇ ಜನರೇಶನ್ (ತಲೆಮಾರು). ಕೊನೆಯ ‘ಯು’ ಅಂದರೆ ಕಡಿಮೆ ಕರೆಂಟ್ ತಿನ್ನುವಂಥದ್ದು. ಅಲ್ಲಿ ‘ಎಚ್’ ಇದ್ದರೆ ಶಕ್ತಿಯೂ ಜಾಸ್ತಿ, ಬಿಸಿಯೂ ಜಾಸ್ತಿ. 8ನೇ ಜನರೇಶನ್‌ನ ‘ಯು’ ಐ7ಗಿಂತ 12ನೇ ಜನರೇಶನ್‌ನ ಐ3 ಎಷ್ಟೋ ಕೆಲಸಗಳಲ್ಲಿ ಚುರುಕು.

ರೈಜೆನ್‌ನಲ್ಲಿ ಇನ್ನೂ ಹುಷಾರಾಗಿರಬೇಕು. ರೈಜೆನ್ 5 7520ಯು, ರೈಜೆನ್ 5 7530ಯು ಇವು ಹೆಸರಿನಲ್ಲಿ ಅಣ್ಣ-ತಮ್ಮಂದಿರ ಹಾಗಿವೆ. ಆದರೆ ಈ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಿ. 2 ಇದ್ದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 3 ಇದ್ದರೆ ಅದರ ಮುಂದಿನ ಝೆನ್ 3. 7520ಯುನಲ್ಲಿ ನಾಲ್ಕು ಕೋರ್ (ಕೆಲಸ ಹಂಚಿಕೊಳ್ಳುವ ಘಟಕ), 7530ಯುನಲ್ಲಿ ಆರು. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೆ ಕಣ್ಣುಮುಚ್ಚಿ 7530ಯು ತಗೊಳ್ಳಿ.

ರ್‍ಯಾಮ್ ವಿಷಯದಲ್ಲಿ ಕಂಜೂಸಿ ಬೇಡ

ವಿಂಡೋಸ್ 11ಗೆ 4 ಜಿಬಿ ರ್‍ಯಾಮ್ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಹೇಳುತ್ತದೆ, ಅಷ್ಟೆ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ತೆರೆದು ಒಂದು ಮೀಟಿಂಗ್‌ಗೆ ಸೇರಿದರೆ 8 ಜಿಬಿಯೂ ಏದುಸಿರು ಬಿಡುತ್ತದೆ. ಐದು ವರ್ಷದ ಲೆಕ್ಕ ಹಾಕುವವರಿಗೆ 16 ಜಿಬಿ ಇರಲಿ.

ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆ ಇದು: “ಸರ್, ರ್‍ಯಾಮ್‌ಗೆ ಸ್ಲಾಟ್ ಇದೆಯಾ, ಬೋರ್ಡಿಗೇ ಬೆಸುಗೆ ಹಾಕಿದ್ದಾರಾ?” ವಿವರದಲ್ಲಿ ‘ಎಲ್‌ಪಿಡಿಡಿಆರ್’ ಅಂತಿದ್ದರೆ ಹೆಚ್ಚುಕಮ್ಮಿ ಬೆಸುಗೆಯೇ. ಅಂಥದ್ದರಲ್ಲಿ 8 ಜಿಬಿ ಕೊಂಡರೆ ಕೊನೆಯತನಕ ಅಷ್ಟೇ. ಸ್ಲಾಟ್ ಇದ್ದರೆ ಮುಂದೆ ಹಾಕಿಸಬಹುದು. ಆದರೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯಲ್ಲಿ ಮೆಮೊರಿ ಬೆಲೆ ಜೋರಾಗಿ ಏರಿತು. ಹಾಗಾಗಿ ‘ಆಮೇಲೆ ಅಗ್ಗವಾಗುತ್ತೆ’ ಅಂತ ನಂಬಿ ಕೂರಬೇಡಿ.

ಸ್ಟೋರೇಜ್ 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಅದಕ್ಕಿಂತ ನಿಧಾನದ ‘ಇಎಂಎಂಸಿ’ ಅಂತ ಕಂಡರೆ ಬಿಟ್ಟುಬಿಡಿ.

ಈಗ ಕೈಗೆ ತಗೊಳ್ಳಿ

ಡೆಮೊ ಪೀಸ್‌ನ ಮುಚ್ಚಳದ ಒಂದು ಮೂಲೆ ಮಾತ್ರ ಹಿಡಿದು ನಿಧಾನಕ್ಕೆ ತೆರೆಯಿರಿ. ಪರದೆ ಸೊಟ್ಟಗಾಗಿ, ಹಿಂಜ್ ಹತ್ತಿರ ಪ್ಲಾಸ್ಟಿಕ್ ಬಾಯಿ ಬಿಟ್ಟ ಹಾಗೆ ಕಂಡರೆ ಆ ಮಾಡೆಲ್ ಬೇಡ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್‌ನ ಸ್ಕ್ರೂಗಳು ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳನ್ನು ಕಚ್ಚಿಕೊಂಡಿರುತ್ತವೆ. ದಿನಾ ತೆಗೆದು ಮುಚ್ಚಿ ಆ ನಟ್ಟು ಕಿತ್ತು ಬಂದರೆ ಮುಗಿಯಿತು, ಪರದೆಯ ಚೌಕಟ್ಟೇ ಸೀಳುತ್ತದೆ. ಕೀಬೋರ್ಡಿನ ನಡುಮಧ್ಯ ಬೆರಳಿಟ್ಟು ಒತ್ತಿ, ತೀರಾ ತಗ್ಗಬಾರದು.

ಮಗುಚಿ ತಳ ನೋಡಿ. ಸ್ಕ್ರೂಗಳು ಕಾಣುವಂತಿದ್ದರೆ ಒಳ್ಳೆಯದು. ಗಾಳಿಯ ಕಿಂಡಿ ತಳದಲ್ಲೇ ಇದ್ದರೆ ಹಾಸಿಗೆ ಮೇಲಿಟ್ಟು ಬಳಸುವ ಅಭ್ಯಾಸ ಬಿಡಬೇಕು. ಮಾಡೆಲ್ ಹೆಸರು ಹಾಕಿ ಯೂಟ್ಯೂಬ್‌ನಲ್ಲಿ ಬಿಚ್ಚುವ ವಿಡಿಯೊ ಹುಡುಕಿದರೆ ಎಷ್ಟು ಸ್ಲಾಟ್ ಇದೆ, ಬ್ಯಾಟರಿ ಸುಲಭಕ್ಕೆ ಬರುತ್ತಾ ಎಲ್ಲವೂ ಕಾಣುತ್ತದೆ. ಟೈಪ್-ಸಿ ಚಾರ್ಜಿಂಗ್ ಇದೆಯಾ ನೋಡಿ. ಇದ್ದರೆ ಸರಿಯಾದ ವ್ಯಾಟ್‌ನ ಬೇರೆ ಚಾರ್ಜರ್ ಎಲ್ಲಿ ಬೇಕಾದರೂ ಸಿಗುತ್ತದೆ.

ಪರದೆ ಐಪಿಎಸ್ ಅನ್ನುವ ಬಗೆಯದ್ದಿರಲಿ. ಪಕ್ಕಕ್ಕೆ ಸರಿದು ನೋಡಿದಾಗ ಬಣ್ಣ ಬದಲಾದರೆ ಅದು ಹಳೆಯ ಟಿಎನ್ ಪರದೆ.

ಸೆಕೆಂಡ್ ಹ್ಯಾಂಡ್ ಆದರೆ?

ಹೊಸದರಲ್ಲಿ ತೀರಾ ಅಗ್ಗದ್ದು ಕೊಳ್ಳುವುದಕ್ಕಿಂತ ಕಂಪನಿಗಳು ಬಳಸಿ ಮಾರಿದ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಮೈ ಗಟ್ಟಿ, ಬಿಡಿಭಾಗಗಳೂ ಸಿಗುತ್ತವೆ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಆದರೆ ಇಂಟೆಲ್ 8ನೇ ಜನರೇಶನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೆಲವೇ ಮಾಡೆಲ್ ಬಿಟ್ಟರೆ 8ನೇ ಜನರೇಶನ್‌ಗಿಂತ ಹಳೆಯ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ.

ದುಡ್ಡು ಕೊಡುವ ಮೊದಲು ವಿಂಡೋಸ್‌ನಲ್ಲೇ ಸಿಗುವ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಎರಡು ಸಂಖ್ಯೆ ಇರುತ್ತದೆ: ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯುತ್ತಿದ್ದದ್ದು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವುದು). ಮೊದಲನೆಯದು 50,000 ಇದ್ದು ಎರಡನೆಯದು 30,000 ಇದ್ದರೆ ಬ್ಯಾಟರಿಯಲ್ಲಿ ಶೇ 60 ಮಾತ್ರ ಉಳಿದಿದೆ ಎಂದರ್ಥ. ಹೊಸ ಬ್ಯಾಟರಿ ಬೆಲೆ ಮುರಿದುಕೊಂಡು ಚೌಕಾಸಿ ಮಾಡಿ. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಶುರುವಾಗುವ ಸೆಟ್ಟಿಂಗ್) ಹಳೆಯ ಕಂಪನಿಯ ಪಾಸ್‌ವರ್ಡ್ ಇಲ್ಲ ಅನ್ನುವುದನ್ನು ನಿಮ್ಮೆದುರೇ ತೆರೆದು ತೋರಿಸಲಿ.

ವಾರಂಟಿ ಮತ್ತು ಬಿಲ್

ಆನ್‌ಸೈಟ್ ವಾರಂಟಿ ಇದ್ದರೆ ರಿಪೇರಿಯವರೇ ಮನೆಗೆ ಬರುತ್ತಾರೆ. ಕ್ಯಾರಿ-ಇನ್ ಆದರೆ ನೀವೇ ಹೊತ್ತೊಯ್ಯಬೇಕು. ಪಾವಗಡ, ಮಧುಗಿರಿ, ಸಿರಾ ಕಡೆಯವರಿಗೆ ಅದು ಇಡೀ ದಿನದ ಕೆಲಸ. ‘ಆನ್‌ಸೈಟ್’ ನಿಮ್ಮ ಪಿನ್‌ಕೋಡ್‌ಗೂ ಅನ್ವಯಿಸುತ್ತಾ ಅಂತ ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಕೇಳಿ. ನೀರು ಬಿದ್ದರೆ, ಕೆಳಗೆ ಬಿದ್ದು ಒಡೆದರೆ ಮಾಮೂಲಿ ವಾರಂಟಿ ಬರುವುದಿಲ್ಲ, ಅದಕ್ಕೆ ಬೇರೆ ಪ್ಲಾನ್ ಇರುತ್ತದೆ.

ಪೆಟ್ಟಿಗೆ, ತಳದ ಸ್ಟಿಕ್ಕರ್, ಬಿಲ್ ಈ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು. ಅದನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ವಾರಂಟಿ ಯಾವತ್ತಿನಿಂದ ಶುರುವಾಗಿದೆ ಅಂತ ತೋರಿಸುತ್ತದೆ. ತಾರೀಖು ನಾಲ್ಕಾರು ತಿಂಗಳು ಹಿಂದಿನದಿದ್ದರೆ ಬಿಲ್ ಕಳಿಸಿ ತಿದ್ದಿಸಿಕೊಳ್ಳಿ. ಬಿಲ್ಲಿನ ಫೋಟೊ ಅವತ್ತೇ ತೆಗೆದು ಮೇಲ್‌ನಲ್ಲಿ ಇಟ್ಟುಕೊಳ್ಳಿ. ಥರ್ಮಲ್ ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಅಳಿಸಿಹೋಗಬಹುದು.