ಸೊಪ್ಪನ್ನು ಎತ್ತಿ ತೆಗೆಯಿರಿ, ನೀರು ಬಗ್ಗಿಸಬೇಡಿ

ಸೊಪ್ಪಿಗೆ ನೀರು ತುಂಬಿಸಿ, ಒಂದು ಸಲ ಅಲ್ಲಾಡಿಸಿ, ಪಾತ್ರೆ ಬಗ್ಗಿಸಿ ಬಸಿದರೆ ಮುಗಿಯಿತು ಅಂದುಕೊಂಡಿದ್ದಾರೆ ಈಗಿನವರು. ನೋಡಿದರೆ ಮೈ ಉರಿಯುತ್ತದೆ. ತಳದಲ್ಲಿ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬೀಳುತ್ತದಲ್ವಾ?

ಆ ಮಣ್ಣಿನಲ್ಲಿ ಜಂತುಹುಳದ ಮೊಟ್ಟೆ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಂಟು ಬೇರೆ. ಒಂದು ಹೆಣ್ಣು ಹುಳ ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಬಯಲಿಗೆ ಹೋದವರಿಂದ ಮಣ್ಣಿಗೆ ಸೇರಿ, ಎರಡು ಮೂರು ವಾರ ಅಲ್ಲೇ ಬಲಿತು ನಮ್ಮ ಬಾಯಿಗೆ ಬರುತ್ತದೆ. ಕೊಡಗಿನ ನೆರಳು, ತೇವ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕರುಳಲ್ಲಿ ಬೆಳೆದ ಹುಳ ಸುಮ್ನೆ ಅಲ್ಲೇ ಬಿದ್ದಿರುತ್ತದೆ ಅನ್ನಬೇಡಿ. ಅಪರೂಪಕ್ಕೆ ಪಿತ್ತನಾಳ ಹತ್ತಿ ಲಿವರಿನವರೆಗೂ ಹೋಗುತ್ತದೆ. ಪಿತ್ತ ಕಟ್ಟಿಕೊಂಡು, ಹುಳದ ಜೊತೆ ಹೋದ ಬ್ಯಾಕ್ಟೀರಿಯಾದಿಂದ ಅಲ್ಲಿ ಕೀವು ತುಂಬುತ್ತದೆ. ನಮ್ಮ ತೋಟದ ಕೆಲಸದವರ ಲೈನ್ ಮನೆಯ ಮಗುವೊಂದಕ್ಕೆ ಹೀಗೇ ಆಗಿತ್ತು. ಚಳಿಜ್ವರ, ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಲು ಬಿಡದಷ್ಟು ನೋವು. ದೃಷ್ಟಿ ತೆಗೆದು, ಕಷಾಯ ಕುಡಿಸಿ ದಿನ ಕಳೆದರು. ಸ್ಕ್ಯಾನ್ ಮಾಡಿಸಿದ ಮೇಲೇ ಗೊತ್ತಾದದ್ದು. ಇಂಥ ಜ್ವರಕ್ಕೆ ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ತೊಳೆಯುವ ಕ್ರಮ. ಬೇರು ಮೊದಲೇ ಕತ್ತರಿಸಿ ಹೊರಗೆ ಹಾಕಿ, ಅಡುಗೆಮನೆಯೊಳಗೆ ತರಲೇಬೇಡಿ. ಎಲೆ, ದಂಟು ಬಿಡಿಸಿ. ಅಗಲವಾದ ಬೇಸಿನ್ನಿಗೆ ಕೈ ಮುಳುಗುವಷ್ಟು ನೀರು ತುಂಬಿ. ಸೊಪ್ಪು ಒತ್ತಿ ತುರುಕಬೇಡಿ, ತೇಲಾಡಬೇಕು. ದಂಟು ಸೇರುವ ಗಿಣ್ಣಿನಲ್ಲಿ ಮಣ್ಣು ಅಡಗಿರುತ್ತದೆ, ಹೆಬ್ಬೆರಳಿನಿಂದ ಉಜ್ಜಿ. ಅಲ್ಲಾಡಿಸಿ ಸ್ವಲ್ಪ ಹೊತ್ತು ಬಿಡಿ, ಮಣ್ಣು ಕೆಳಗಿಳಿಯಲಿ. ಆಮೇಲೆ ಎರಡೂ ಕೈಯ ಬೆರಳು ಅಗಲಿಸಿ ಸೊಪ್ಪನ್ನು ಮೇಲಿಂದ ಎತ್ತಿ ಬುಟ್ಟಿಗೆ ಹಾಕಿ. ತಳ ಕಲಕಬಾರದು! ಬೇಸಿನ್ ಉಜ್ಜಿ, ಹೊಸ ನೀರು ತುಂಬಿ, ಮತ್ತೆ ಇದೇ ಕೆಲಸ. ನಮ್ಮ ಅವ್ವ ತಳಕ್ಕೆ ಬೆರಳು ಎಳೆದು ನೋಡುತ್ತಿದ್ದರು. ಒಂದು ಕಣ ಮರಳು ತಾಗಿದರೂ ಇನ್ನೊಂದು ನೀರು. ಮಳೆಗಾಲದಲ್ಲಿ ಕೆಸರು ಎರಚಿದ ಸೊಪ್ಪಿಗೆ ನಾಲ್ಕೈದು ನೀರಾದರೂ ಬೇಕು.

ಬೇಯಿಸುವ ಸೊಪ್ಪಿಗೆ ಇಷ್ಟು ಸಾಕು. ಒಂದೆಲಗದ ಚಟ್ನಿ, ಹಸಿ ಕೊತ್ತಂಬರಿ ಅಂದರೆ ಹುಷಾರು. ಉಪ್ಪುನೀರಿಗೂ ವಿನಿಗರಿಗೂ ಆ ಮೊಟ್ಟೆ ಸಾಯುವುದಿಲ್ಲ. ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಬಣ್ಣ ಸ್ವಲ್ಪ ಹೋದರೆ ಹೋಗಲಿ.

ಫೆಬ್ರವರಿ 10ಕ್ಕೆ ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಔಷಧ, ಅಲ್ಬೆಂಡಜೋಲ್ ಮಾತ್ರೆಯನ್ನು ಮಗು ಬ್ಯಾಗಿನಲ್ಲಿ ಹಾಗೇ ವಾಪಸ್ ತರದಂತೆ ನೋಡಿಕೊಳ್ಳಿ. ಸೊಪ್ಪು ತೊಳೆದ ನೀರನ್ನು ತರಕಾರಿ ಮಡಿಗೆ ಸುರಿಯಬೇಡಿ. ದೂರದ ಬಾಳೆ ಬುಡಕ್ಕೆ ಹಾಕಿ, ಆಮೇಲೆ ಉಗುರಿನ ಸಂದಿಯೂ ಸೇರಿ ಕೈಗೆ ಸೋಪು ಹಾಕಿ ತೊಳೆಯಿರಿ.