5000 ಆರ್‌ಪಿಎಂ ದಾಟಿದರೆ ಉಸಿರು ಕಟ್ಟುತ್ತಿದ್ದ ಇಂಜಿನ್

ನನ್ನದು 1.6 ಲೀಟರ್ ಪೆಟ್ರೋಲ್ ಕಾರು, ಟರ್ಬೊ ಇಲ್ಲ. 5000 ಆರ್‌ಪಿಎಂ ತನಕ ಚೆನ್ನಾಗಿಯೇ ಎಳೆಯುತ್ತಿತ್ತು. ಅಲ್ಲಿಂದ ಮೇಲೆ ಸದ್ದು ಮಾತ್ರ, ವೇಗ ಇಲ್ಲ. ಚೆಕ್ ಇಂಜಿನ್ ದೀಪವೂ ಉರಿಯಲಿಲ್ಲ.

ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಇಂಧನ ಪಂಪ್ ಬದಲಿಸಿದೆ. ಸುಮ್ನೆ ದುಡ್ಡು ಹೋಯ್ತು.

ಆಮೇಲೆ ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ತುಂಬುತ್ತದೆ. 6000ಕ್ಕೆ ಸೆಕೆಂಡಿಗೆ 80 ಲೀಟರ್ ಗಾಳಿ. ಬೆಂಗಳೂರಿನ ಎತ್ತರದಲ್ಲಿ ಅದು ಸುಮಾರು 84 ಗ್ರಾಂ. ಸ್ಕ್ಯಾನರ್‌ನಲ್ಲಿ ಮಾಫ್ (ಒಳಗೆ ಹೋಗುವ ಗಾಳಿಯ ತೂಕ ಅಳೆಯುವ ಸೆನ್ಸರ್) ತೋರಿಸಿದ್ದು ಸೆಕೆಂಡಿಗೆ 64 ಗ್ರಾಂ. ಅಂದರೆ ವಾಲ್ಯುಮೆಟ್ರಿಕ್ ಎಫಿಶಿಯೆನ್ಸಿ, ಇಂಜಿನ್ ತುಂಬಬೇಕಾದ ಗಾಳಿಯಲ್ಲಿ ನಿಜಕ್ಕೂ ತುಂಬಿದ ಪಾಲು, ಬರೀ 76%.

ತಡೆ ಎಲ್ಲಿದೆ ಅಂತ ಹೇಳಿದ್ದು ಮ್ಯಾಪ್ ಸೆನ್ಸರ್. ಥ್ರಾಟಲ್ (ಗಾಳಿ ಬಿಡುವ ಕವಾಟ) ದಾಟಿ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು ಅದು. ಮೊದಲು ಇಂಜಿನ್ ಆಫ್, ಕೀ ಆನ್: 91 ಕಿಲೊಪಾಸ್ಕಲ್, ಅಂದರೆ ಹೊರಗಿನ ಗಾಳಿಯ ಒತ್ತಡವೇ. ನಂತರ ಖಾಲಿ ರಸ್ತೆಯಲ್ಲಿ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, 3000ದಿಂದ 6000ದ ತನಕ ಲಾಗ್. 4500ರಲ್ಲಿ 89 ಇದ್ದದ್ದು 5200ಕ್ಕೆ ದಿಢೀರ್ 78ಕ್ಕೆ ಬಿತ್ತು. ಸೈಲೆನ್ಸರ್ ಕಡೆ ಕಟ್ಟಿದ್ದರೆ ಇದು ಹೀಗೆ ಬೀಳುವುದಿಲ್ಲ. ತಡೆ ಗಾಳಿ ಒಳಗೆ ಬರುವ ದಾರಿಯಲ್ಲೇ, ಅಲ್ವಾ?

ಫಿಲ್ಟರ್ ಡಬ್ಬದಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿದೆ. ಬೆರಳಿಟ್ಟು ಒತ್ತಿದರೆ ಹಳೇ ಚಪ್ಪಲಿಯಂತೆ ಮೆತ್ತಗೆ. ನಿಂತಾಗ ದುಂಡಗೆ, ಹೀರುವ ಒತ್ತಡಕ್ಕೆ ಚಪ್ಪಟೆ. ಹೊಸ ಹೋಸ್ ಹಾಕಿ ಅದೇ ಲಾಗ್ ತೆಗೆದೆ: ಮ್ಯಾಪ್ 89, ಮಾಫ್ 74, ಅಂದರೆ 88%.